ಕೊಬ್ಬರಿ ಎಣ್ಣೆ ಹಚ್ಚಿದ ಬ್ಯಾಟು

ಮಸ್ಕತ್ ವಿಮಾನ ನಿಲ್ದಾಣ

ಆಡಿ ಸವೆದ ಕ್ರಿಕೆಟ್ ಬ್ಯಾಟು ಕೂಡಿಡುವುದು ನನಗೆ ಅಂಟಿದ ಚಟ. ಹೊಸ ಬ್ಯಾಟು ಪುಕ್ಕಟೆ ಕೊಟ್ಟರೂ ನನಗೆ ಬೇಡ. ಪಂದ್ಯದಲ್ಲಿ ಆಡಿದ್ದಿರಬೇಕು, ಮೈಮೇಲೆ ಕೆಂಪು ಚೆಂಡಿನ ಕಲೆ ಕೂತಿರಬೇಕು, ಹಿಡಿಕೆಯಲ್ಲಿ ಯಾರದೋ ಬೆವರು ಇಂಗಿರಬೇಕು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಡಂ ಆಗಿದ್ದಾಗ ಹುಡುಗರು ಮುರಿದೆಸೆದ ಬ್ಯಾಟು ಎತ್ತಿಡುವುದರಿಂದ ಇದು ಶುರುವಾಯಿತು. ನಿವೃತ್ತಿಯ ಹೊತ್ತಿಗೆ ಮನೆಯ ಒಂದು ಕೋಣೆ ತುಂಬಿತ್ತು. ಈಗ ದೇವರ ಮನೆಯ ಬಾಗಿಲ ಹಿಂದೆಯೂ ಒಂದೆರಡು ನಿಂತಿವೆ.

ಹೀಗಾಗಿ ಬ್ಯಾಟು ನೋಡಲು ಒಮಾನಿಗೆ ಹೋಗುತ್ತೇನೆ ಎಂದಾಗ ನಮ್ಮ ಯಜಮಾನರು ಪೇಪರಿನಿಂದ ಮುಖ ಎತ್ತದೆ ಕೇಳಿದರು: "ಯಾಕ, ನಮ್ಮೂರಾಗ ಕಟಗಿ ತೀರ್ಯಾವೇನು?"

ತೀರಿರಲಿಲ್ಲ. ಆದರೆ ನಮ್ಮ ಬ್ಯಾಟು ಹುಚ್ಚರ ವಾಟ್ಸಾಪ್ ಗುಂಪಿಗೆ ಮಸ್ಕತ್ತಿನಿಂದ ಒಂದು ಫೋಟೊ ಬಂದಿತ್ತು. ಕಳಿಸಿದವರು ಮಂಗಳೂರು ಕಡೆಯ ಡೆನಿಸ್. ಬಹಳ ವರ್ಷಗಳ ಹಿಂದೆ ಇಬ್ರಾ ಎಂಬ ಊರಿನಲ್ಲಿ ಒಂದು ಪ್ರದರ್ಶನ ಪಂದ್ಯ ನಡೆಯಿತಂತೆ. ಭಾರತದಿಂದ ಬಂದಿದ್ದ ದೊಡ್ಡ ಆಟಗಾರನೊಬ್ಬನ ಸಾಮಾನು ವಿಮಾನದಿಂದ ಇಳಿಯಲೇ ಇಲ್ಲ. ಅವನು ಡೆನಿಸರ ಬ್ಯಾಟನ್ನೇ ಕೇಳಿ ಪಡೆದು ಆಡಿ ಸಿಕ್ಸರ್ ಹೊಡೆದನಂತೆ. ಆ ಆಟಗಾರನ ಹೆಸರು ಇಲ್ಲಿ ಬರೆಯುವುದಿಲ್ಲ. ನೀವೂ ಒಮ್ಮೆಯಾದರೂ ಅವನ ಸಲುವಾಗಿ ಟಿವಿ ಮುಂದೆ ಊಟದ ತಟ್ಟೆ ಹಿಡಿದು ಕೂತವರೇ ಆಗಿರುತ್ತೀರಿ. ಈಗ ಡೆನಿಸ್ ನೌಕರಿ ಮುಗಿಸಿ, ವೀಸಾ ರದ್ದು ಮಾಡಿಸಿ, ಕಾಯಂ ಊರಿಗೆ ಹೊರಟಿದ್ದಾರೆ. ಹೋಗುವ ಮುಂಚೆ ಬಲ್ಲವರು ಯಾರಾದರೂ ಬಂದು ಬ್ಯಾಟು ನೋಡಿ, ಕೊಂಡುಕೊಂಡರೆ ಇನ್ನೂ ಸಂತೋಷ ಎಂದು ಬರೆದಿದ್ದರು.

ನನ್ನ ಕೈಚೀಲದಲ್ಲಿ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಟೇಪು, ಸಣ್ಣ ಟಾರ್ಚು ಇದ್ದವು. ಮಸ್ಕತ್ತಿನಲ್ಲಿ ಇಳಿದಾಗ ಬಿಳಿ ನಿಲುವಂಗಿಯ ಅಧಿಕಾರಿ ಅವನ್ನೆಲ್ಲ ಸಾಲಾಗಿ ಮೇಜಿನ ಮೇಲಿಟ್ಟು, ಬಂಗಾರ ತಂದಿದ್ದೀರಾ ಎಂದು ಮೆತ್ತಗೆ ವಿಚಾರಿಸಿದ. ಇಲ್ಲಪ್ಪ, ಬ್ಯಾಟು ನೋಡಲು ಬಂದಿದ್ದೇನೆ ಎಂದು ನನಗೆ ಗೊತ್ತಿದ್ದ ಎಲ್ಲ ಭಾಷೆಯಲ್ಲೂ ಹೇಳಿದೆ. ಆಗಲಿಲ್ಲ. ಕೊನೆಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ನಿಂತು ಒಂದು ಕವರ್ ಡ್ರೈವ್ ಬೀಸಿ ತೋರಿಸಿದೆ. ಸಾಲಿನಲ್ಲಿದ್ದ ಮಲಯಾಳಿಗಳು ಚಪ್ಪಾಳೆ ತಟ್ಟಿದರು. ಅಧಿಕಾರಿ ನಕ್ಕು ಚೀಲ ತಾನೇ ಜೋಡಿಸಿಕೊಟ್ಟ.

ಬೌಷರ್, ಸೋಮವಾರ

ಮಸ್ಕತ್ತಿನ ಈ ಬಡಾವಣೆಯಲ್ಲಿದ್ದ ಡೆನಿಸರ ಫ್ಲ್ಯಾಟಿನಲ್ಲಿ ಎಲ್ಲಿ ನೋಡಿದರೂ ರಟ್ಟಿನ ಪೆಟ್ಟಿಗೆ. ಅವರ ಹೆಂಡತಿ ಲವೀನಾ ಬಾಯಿ ಒಂದು ಪೆಟ್ಟಿಗೆಯ ಮೇಲೆ ಮಂಡಿಯೂರಿ, ಎಡಗೈಯಲ್ಲಿ ಟೇಪು ಪರಪರ ಎಳೆದು ಸುತ್ತುತ್ತಿದ್ದರು. ಗಂಡ ಹೆಂಡತಿ ತಮ್ಮೊಳಗೆ ಕೊಂಕಣಿ, ನನ್ನೊಡನೆ ಕನ್ನಡ. ನನ್ನ ಧಾರವಾಡ ಕಡೆಯ ಮಾತು ಕೇಳಿ ಲವೀನಾ ಬಾಯಿಗೆ ನಗು ತಡೆಯಲಾಗುತ್ತಿರಲಿಲ್ಲ. ಹೋಟೆಲಿನಲ್ಲಿ ಇಳಿಯುತ್ತೇನೆ ಎಂದದ್ದಕ್ಕೆ ಇಬ್ಬರೂ ಬೇಜಾರು ಮಾಡಿಕೊಂಡು, ಊರಿಗೆ ಹೋದ ಮಗಳ ಕೋಣೆ ನನಗೆ ಬಿಟ್ಟುಕೊಟ್ಟಿದ್ದರು.

ಚಹಾ ಆದ ಮೇಲೆ ಡೆನಿಸ್ ಕೈ ತೊಳೆದು ಬಂದು, ಟಿವಿಯ ಮೇಲಿನ ಮೊಳೆಯಿಂದ ಬಟ್ಟೆ ಸುತ್ತಿದ ಬ್ಯಾಟು ಇಳಿಸಿ, ನನ್ನ ತೊಡೆಯ ಮೇಲಿಟ್ಟು ಬಿಚ್ಚಿದರು. ಬ್ಯಾಟು ಹೊಸ ಬಾಗಿಲಿನಂತೆ ಮಿಂಚುತ್ತಿತ್ತು. ಒಂದೇ ಒಂದು ಕಲೆ ಇಲ್ಲ. ಏನೋ ಹಾಕಿ ತಿಕ್ಕಿದ ಗೆರೆಗಳು ಎದ್ದು ಕಾಣುತ್ತಿದ್ದವು. ಹಿಡಿಕೆಗೆ ಗಿಣಿಹಸಿರು ಬಣ್ಣದ ಹೊಸ ರಬ್ಬರು. ಮೂಗಿಗೆ ಹಿಡಿದರೆ ಘಮ್ಮೆಂದು ಕೊಬ್ಬರಿ ಎಣ್ಣೆ.

ಡೆನಿಸರ ಮುಖ ನನ್ನದಕ್ಕಿಂತ ಕೆಟ್ಟಿತ್ತು. ಅವರಿಗೂ ಗೊತ್ತಿರಲಿಲ್ಲ. ಲವೀನಾ ಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮನೆಗೆ ದೊಡ್ಡವರು ಬರುವಾಗ ಕೊಳಕು ಸಾಮಾನು ಹೇಗೆ ತೋರಿಸುವುದು, ನಿನ್ನೆ ಪಾತ್ರೆ ತೊಳೆಯುವಾಗ ಅದನ್ನೂ ತಿಕ್ಕಿಬಿಟ್ಟೆ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಯಾಕೆ ಹೇಳಲಿ, ಅವರ ಮನೆಯ ಬಿಸ್ಕೀಟು ನನ್ನ ಬಾಯಲ್ಲಿರದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ನಾವು ಬ್ಯಾಟು ಕೊಳ್ಳುವವರು ನೋಡುವುದೇ ಕೊಳಕನ್ನು. ಕಲೆ ಎಲ್ಲಿ ಗುಂಪಾಗಿವೆ ಎನ್ನುವುದರ ಮೇಲೆ ಆಡಿದವನು ಕಣ್ಣಿಟ್ಟು ಆಡಿದನೋ, ಕಣ್ಣುಮುಚ್ಚಿ ಬೀಸಿದನೋ ತಿಳಿಯುತ್ತದೆ. ಮನೆಯಲ್ಲಿ ಕೂತು ಚೆಂಡು ಬಡಿದು ಮೋಸ ಮಾಡುವವರ ಬ್ಯಾಟಿನಲ್ಲಿ ಕಲೆ ಅಂಗಳಕ್ಕೆ ನೀರು ಚಿಮುಕಿಸಿದಂತೆ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಅಂಚಿನ ಪೆಟ್ಟು, ಹಿಡಿಕೆಯಲ್ಲಿ ಬೆರಳು ಕೂತ ತಗ್ಗು, ಬಿರುಕಿಗೆ ಸುತ್ತಿದ ದಾರ, ಇವೆಲ್ಲ ನಮಗೆ ಸಾಕ್ಷಿ. ಇಲ್ಲಿ ಸಾಕ್ಷಿಯನ್ನೆಲ್ಲ ಪಾತ್ರೆ ತಿಕ್ಕುವ ತಂತಿಯಲ್ಲಿ ಉಜ್ಜಿ ಮೋರಿಗೆ ಬಿಟ್ಟಾಗಿತ್ತು.

ಡೆನಿಸ್ ಬ್ಯಾಟಿನ ಮೇಲೆ ಮತ್ತೆ ಬಟ್ಟೆ ಎಳೆದು ಹೇಳಿದರು: "ಮೇಡಂ, ನೀವು ತಗೊಳ್ಳದಿದ್ರೂ ತೊಂದರೆ ಇಲ್ಲ. ಆದ್ರೆ ಇದು ನಿಜವಾ ಅಂತ ಒಂದು ಮಾತು ಹೇಳಿ ಹೋಗಿ. ಇಷ್ಟು ವರ್ಷ ಇಲ್ಲಿ ಒಬ್ಬನೂ ನಂಬ್ಲಿಲ್ಲ ಮಾರಾಯ್ರೆ. ನಂಬದೇ ಇರುವ ಜನರ ಎದುರಿಂದ ಹಾಗೇ ಎದ್ದು ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ."

ಶುಕ್ರವಾರ ಸಂಜೆ ಕಟ್ಟಡದವರೆಲ್ಲ ಸೇರಿ ಅವರಿಗೆ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅಷ್ಟರೊಳಗೆ ನೋಡಿ ಹೇಳುತ್ತೇನೆ ಎಂದೆ. ಊಟಕ್ಕೆ ಕೂತಾಗ ಅವರು ಆ ಸಿಕ್ಸರಿನ ಕತೆ ಹೇಳಿದರು. ಚೆಂಡು ಮೇಲೆ ಹೋಗಿ, ಹೋಗಿ, ಖರ್ಜೂರದ ತೋಟದಲ್ಲಿ ಬಿತ್ತಂತೆ. ಬಾಯಿ ಮೀನಿನ ಸಾರು ಬಡಿಸುತ್ತ ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

ಖುರುಮ್, ಮಂಗಳವಾರ

ಡೆನಿಸರ ಕಚೇರಿ ಖುರುಮ್‌ನಲ್ಲಿ. ಏಸಿ ಯಂತ್ರಗಳ ಬಿಡಿಭಾಗಗಳ ಸ್ಟೋರು ಅವರ ಉಸ್ತುವಾರಿ. ಹೊಸಬರಿಗೆ ಕೆಲಸ ಒಪ್ಪಿಸುವ ದಿನಗಳು. ನನ್ನನ್ನೂ ಕರೆದುಕೊಂಡು ಹೋದರು. ಹುಬ್ಬಳ್ಳಿಯಲ್ಲಿ ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನವನು ಹಾರನ್ ಒತ್ತಿರುತ್ತಾನೆ. ಇಲ್ಲಿ ಹಸಿರಾದ ಮೇಲೂ ಯಾರೂ ಒತ್ತುವುದಿಲ್ಲ. ಇಡೀ ದಾರಿ ಹಾರನ್ ಕೇಳದೆ ನನಗೆ ಕಿವಿ ಕಟ್ಟಿದಂತಾಗಿ ಎರಡು ಸಲ ಆಕಳಿಸಿ ನೋಡಿದೆ.

ಕಚೇರಿಯಲ್ಲಿ ನನ್ನ ಪರಿಚಯ ಮಾಡಿಸಿದ್ದೇ ತಡ, ಸುದ್ದಿ ಹಬ್ಬಿತು. ಸ್ಟೋರಿನ ಪಠಾಣ ಡ್ರೈವರು, ಹೈದರಾಬಾದಿನ ಅಕೌಂಟಂಟು, ಬಾಗಿಲ ಬಳಿಯ ಒಮಾನಿ ಗುಮಾಸ್ತ, ಒಬ್ಬೊಬ್ಬರೇ ಬಂದು ನಗುನಗುತ್ತ ಸಿಕ್ಸರ್ ಎಲ್ಲಿ ಬಿತ್ತು ಎಂದು ಹೇಳಿದರಾ ಎಂದು ವಿಚಾರಿಸಿದರು. ಖರ್ಜೂರದ ತೋಟದಲ್ಲಿ ಎಂದೆ. ಅಕೌಂಟಂಟನಿಗೆ ನಿರಾಸೆಯಾಯಿತು. ಅವನಿಗೆ ಹೇಳಿದಾಗ ಚೆಂಡು ರಸ್ತೆ ದಾಟಿ ಪೆಟ್ರೋಲ್ ಬಂಕಿನವರೆಗೆ ಹೋಗಿತ್ತಂತೆ. ಒಮಾನಿ ಗುಮಾಸ್ತ ಎರಡೂ ಕೈ ಎತ್ತಿ "ಖಲಾಸ್" ಎಂದ. ಚೆಂಡು ಇನ್ನೂ ಕೆಳಗಿಳಿದಿಲ್ಲ ಎನ್ನುವುದು ಅವನ ಅಭಿಪ್ರಾಯ.

ಡೆನಿಸರೂ ಅವರ ಜೊತೆ ನಕ್ಕರು. ಆದರೆ ಕಾರಿಗೆ ಬಂದ ಮೇಲೆ ಕೀಲಿ ತಿರುಗಿಸದೆ ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದು ಕೂತರು. ನನಗೆ ಪಾಪ ಅನ್ನಿಸಿತು. ಅವರಿಗೆ ದುಡ್ಡಿನ ಆಸೆ ಇರಲಿಲ್ಲ, ಹೌದು ಅನ್ನಿಸಿಕೊಳ್ಳುವ ಆಸೆ ಅಷ್ಟೇ.

ಇಬ್ರಾ, ಬುಧವಾರ

ಕಲೆ ಹೋದರೆ ಹೋಗಲಿ, ಪಂದ್ಯ ನಡೆದ ಜಾಗವನ್ನಾದರೂ ನೋಡಿ ಎಂದು ಡೆನಿಸ್ ರಜೆ ಹಾಕಿ ನನ್ನನ್ನೂ ಹೆಂಡತಿಯನ್ನೂ ಇಬ್ರಾಕ್ಕೆ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಹುಲ್ಲುಕಡ್ಡಿಯಿಲ್ಲದ ಗುಡ್ಡಗಳು. ನಮ್ಮ ಕಡೆ ದನ ಅಡ್ಡ ಬರುವಲ್ಲಿ ಇಲ್ಲಿ ಒಂಟೆ ಅಡ್ಡ ಬರುತ್ತದೆ ಎಂಬ ಫಲಕ. ಸಿಕ್ಸರಿನ ಕತೆ ಇನ್ನೊಮ್ಮೆ ಬಂತು. ಈ ಸಲ ಚೆಂಡು ಪೆಟ್ರೋಲ್ ಬಂಕನ್ನೂ ದಾಟಿತು.

ಮೈದಾನ ಎಂದರೆ ಜಲ್ಲಿಯ ಬಯಲು, ನಡುವೆ ಒಡೆದ ಸಿಮೆಂಟಿನ ಪಟ್ಟಿ. ಆಗ ಅದರ ಮೇಲೆ ನಾರಿನ ಚಾಪೆ ಹಾಸುತ್ತಿದ್ದರಂತೆ. ಡೆನಿಸ್ ಅಲ್ಲಿ ನಿಂತು, ಅವನು ಇಲ್ಲಿ ನಿಂತಿದ್ದ, ಹೀಗೆ ಬೀಸಿದ ಎಂದು ತೋರಿಸಿದರು. ನೀವು ಎಲ್ಲಿ ನಿಂತಿದ್ದಿರಿ ಎಂದು ನಾನು ಸುಮ್ಮನೆ ಕೇಳಿದೆ. ಅವರು ತಡವರಿಸಿ, ಅಲ್ಲೇ ಎಲ್ಲೋ ಎಂದು ಗುಡ್ಡದ ಕಡೆ ಕೈ ತೋರಿಸಿದರು. ಲವೀನಾ ಬಾಯಿ ತಕ್ಷಣ, ಬಿಸಿಲು ಏರುತ್ತಿದೆ, ಮೇಡಂಗೆ ಸಂತೆ ತೋರಿಸಬೇಕು ಎಂದು ನನ್ನ ಕೈ ಹಿಡಿದು ಎಳೆದರು.

ಇಬ್ರಾದಲ್ಲಿ ಬುಧವಾರ ಬೆಳಿಗ್ಗೆ ಹೆಂಗಸರ ಸಂತೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು, ಗಂಡಸರಿಗೆ ಪ್ರವೇಶವಿಲ್ಲ. ಡೆನಿಸ್ ಕಾರಿನಲ್ಲೇ ಉಳಿದರು. ಒಳಗೆ ಬಟ್ಟೆ, ಕಾಡಿಗೆ, ಅತ್ತರು, ಧೂಪ, ಜೊತೆಗೆ ಗಲಗಲ ಮಾತು. ನಮ್ಮೂರಿನಲ್ಲೂ ಇಂಥ ಒಂದು ಸಂತೆ ಇದ್ದರೆ ಯಜಮಾನರನ್ನು ಹೊರಗೆ ನಿಲ್ಲಿಸಿ ಎಷ್ಟು ಆರಾಮಾಗಿ ಸೀರೆ ಆರಿಸಬಹುದಿತ್ತು ಎಂದು ಹೊಟ್ಟೆಕಿಚ್ಚಾಯಿತು.

ಧೂಪ ಮಾರುವ ಅಜ್ಜಿಯೊಬ್ಬಳು ನಮ್ಮನ್ನು ಕೂರಿಸಿ, ಚಿಕ್ಕ ಬಟ್ಟಲಿಗೆ ಏಲಕ್ಕಿ ಘಮದ ಕಹ್ವಾ, ಅಂದರೆ ಅಲ್ಲಿಯ ಕಾಫಿ, ಸುರಿದಳು. ಬಾಯಿ ದುಡ್ಡು ಕೊಡಲು ಎಡಗೈ ಚಾಚಿ, ಸಟಕ್ಕನೆ ಹಿಂದಕ್ಕೆಳೆದು ಬಲಗೈಯಲ್ಲಿ ಕೊಟ್ಟರು. ಎಡಗೈಯಲ್ಲಿ ಕೊಟ್ಟರೆ ಇಲ್ಲಿ ತಪ್ಪು, ಇಷ್ಟು ವರ್ಷವಾದರೂ ಮೊದಲು ಮುಂದೆ ಬರುವುದು ಅದೇ ಕೈ ಎಂದು ನಕ್ಕರು. ಆಮೇಲೆ ನಗು ನಿಂತಿತು.

"ಮೇಡಂ, ಬ್ಯಾಟ್ ತಿಕ್ಕಿದ್ದು ನಾನು ಬೇಕಂತಲೇ," ಎಂದರು.

ನಾನು ಬಟ್ಟಲು ಕೆಳಗಿಟ್ಟೆ. ಅಜ್ಜಿ ತುಂಬಿದಳು.

"ಅವ ಸಿಕ್ಸ್ ಹೊಡೀಲೇ ಇಲ್ಲ. ಮೊದಲ ಬಾಲಿಗೇ ಬೌಲ್ಡ್. ಒಬ್ಬ ಲಾರಿ ಡ್ರೈವರ್ ಹಾಕಿದ ಬಾಲು. ಬ್ಯಾಟಿಗೆ ಗಾಳಿ ಸಹ ತಾಗ್ಲಿಲ್ಲ. ನಾನು ಮಗಳನ್ನು ಎತ್ತಿಕೊಂಡು ಅಲ್ಲೇ ಬೌಂಡರಿ ಹಗ್ಗದ ಹತ್ರ ನಿಂತಿದ್ದೆ. ಔಟಾಗಿ ಬರುವಾಗ ಬ್ಯಾಟ್ ನನ್ನ ಕೈಯಲ್ಲೇ ಕೊಟ್ಟ. ಬ್ಯಾಟ್ ಚೆನ್ನಾಗಿದೆ, ತಪ್ಪು ನನ್ನದೇ ಅಂತ ಹಿಂದಿಯಲ್ಲಿ ಹೇಳಿದ."

ಡೆನಿಸ್ ಎಲ್ಲಿದ್ದರು ಎಂದು ಕೇಳಿದೆ. ವ್ಯಾನು ಅವರದೇ ಆದ್ದರಿಂದ ಹೋಟೆಲಿನಿಂದ ಎಲ್ಲರಿಗೂ ಬಿರಿಯಾನಿ ತರಲು ಅವರನ್ನೇ ಕಳಿಸಿದ್ದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಡದವರು ತಮಾಷೆಗೆ, ನಿನ್ನ ಬ್ಯಾಟಿನಲ್ಲಿ ಸಿಕ್ಸರ್ ಹೊಡೆದ ಎಂದರು. ಡೆನಿಸ್ ಬಿರಿಯಾನಿಯ ಪಾತ್ರೆ ಹಿಡಿದುಕೊಂಡೇ ಕುಣಿದರಂತೆ. ಆ ಮುಖ ನೋಡಿ ನಿಜ ಹೇಳಲು ಲವೀನಾ ಬಾಯಿಗೆ ಬಾಯೇ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡರು. ತಮಾಷೆ ಮಾಡಿದವರು ಒಬ್ಬೊಬ್ಬರಾಗಿ ಊರು ಸೇರಿದರು, ನಾಳೆ ಮಾತ್ರ ಬರಲಿಲ್ಲ. ಈಗ ಬ್ಯಾಟು ನೋಡಿ ಎಲ್ಲ ಹೇಳಿಬಿಡುವ ಮೇಡಂ ಬರುತ್ತಾರೆ ಎಂದ ಕೂಡಲೇ ಭಯವಾಗಿ ತಂತಿ ಕೈಗೆತ್ತಿಕೊಂಡಿದ್ದರು.

"ಹೋಗುವ ಹೊತ್ತಿಗೆ ಅವ್ರ ಮನಸ್ಸು ಒಡೀಬಾರದಲ್ವಾ ಮೇಡಂ," ಎಂದರು. ಕಣ್ಣು ತುಂಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬ್ಯಾಟಿನ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ. ಇವರ ಮುಖ ನೋಡಿದರೆ ನಿಜ ಹೇಳಲೂ ಧೈರ್ಯ ಬರಲಿಲ್ಲ. ಏನೂ ತೋಚದೆ ಕಹ್ವಾ ಕುಡಿದೆ. ಅಜ್ಜಿ ಮತ್ತೆ ತುಂಬಿದಳು. ಸಾಕು ಎನ್ನಲು ಬಟ್ಟಲನ್ನು ಅತ್ತಿತ್ತ ಅಲುಗಿಸಬೇಕು ಎಂದು ಬಾಯಿ ನೆನಪಾಗಿ ಹೇಳಿಕೊಡುವಷ್ಟರಲ್ಲಿ ನನ್ನ ಕೈಬೆರಳು ತಾವೇ ಅಲುಗುತ್ತಿದ್ದವು. ಹೊರಗೆ ಬಂದಾಗ ಡೆನಿಸ್ ಇಬ್ಬರಿಗೂ ಎಳನೀರು ತಂದಿಟ್ಟುಕೊಂಡು ಕಾಯುತ್ತಿದ್ದರು.

ಬೌಷರ್, ಗುರುವಾರ

ಬೆಳಿಗ್ಗೆ ಮನೆ ಖಾಲಿ ಇದ್ದಾಗ ಬ್ಯಾಟು ಮತ್ತೆ ಕೈಗೆತ್ತಿಕೊಂಡೆ. ಮೈಯೆಲ್ಲ ತಿಕ್ಕಿದ್ದ ಬಾಯಿ ಒಂದು ಜಾಗ ಮರೆತಿದ್ದರು. ಬ್ಯಾಟಿನ ತಳ. ಆಡುವವರು ಚೆಂಡಿಗೆ ಕಾಯುತ್ತ ನೆಲಕ್ಕೆ ಟಪಟಪ ಬಡಿಯುತ್ತಾರಲ್ಲ, ಅದರಿಂದ ತಳದ ಒಂದು ಮೂಲೆ ಹೆಚ್ಚು ಸವೆಯುತ್ತದೆ. ಬಲಗೈಯವರದು ಒಂದು ಮೂಲೆ, ಎಡಗೈಯವರದು ಇನ್ನೊಂದು. ಭೂತಗನ್ನಡಿ ಹಾಕಿ ನೋಡಿದೆ. ಎಡಗೈಯವರ ಮೂಲೆ ಗುಂಡಗೆ ಸವೆದು, ಸಿಮೆಂಟಿನ ಬೂದು ಪುಡಿ ಮರದೊಳಗೆ ಕೂತಿತ್ತು. ಚಾಪೆಯ ಮೇಲೆ ಆಡಿದರೆ ಹೀಗಾಗುವುದಿಲ್ಲ. ಆ ದೊಡ್ಡ ಆಟಗಾರ ಬಲಗೈಯವನು. ಡೆನಿಸ್ ಬಲಗೈಯವರು. ಆ ಮನೆಯಲ್ಲಿ ಟೇಪು ಎಡಗೈಯಲ್ಲಿ ಸುತ್ತುವವರು ಒಬ್ಬರೇ. ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ.

ಸಂಜೆ ಮೂವರೂ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಕೂತೆವು. ಡೆನಿಸ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ನಾನು ನೇರ ಬ್ಯಾಟಿನಿಂದಲೇ ಶುರು ಮಾಡಿದೆ. "ಫೋಟೊದಾಗ ಕೆಂಪು ಕಲೆ ಭಾಳ ಚಂದ ಇದ್ದುವ್ರಿ. ಎಲ್ಲಾ ನಡುವನ ಕೂತಿದ್ದುವು. ಅವು ಒಬ್ಬರು ವರ್ಷಾನುಗಟ್ಟಲೆ ಆಡಿದ ಕಲೆ. ಅಂದ್ರ ನಿಮ್ಮವ." ಡೆನಿಸ್ ಕಣ್ಣು ಬಿಟ್ಟರು. ತಳ ತೋರಿಸಿದೆ. ಇದರಲ್ಲಿ ಸಿಮೆಂಟಿನ ನೆಲದ ಮೇಲೆ ಎಡಗೈಯವರೊಬ್ಬರು ಬಹಳ ಕಾಲ ಆಡಿದ್ದಾರೆ ಎಂದೆ.

ಡೆನಿಸ್ ಹೆಂಡತಿಯ ಕೈ ನೋಡಿದರು. ಬಾಯಿ ಆ ಕೈಯನ್ನು ಸೆರಗಿನ ಕೆಳಗೆ ಸೇರಿಸಿದರು. ಗಂಡನಿಗೆ ಶುಕ್ರವಾರ ಸ್ಟೋರಿನ ಡ್ಯೂಟಿ ಇದ್ದ ದಿನಗಳಲ್ಲಿ ಅವರು ಬ್ಯಾಟನ್ನು ಮೊಳೆಯಿಂದ ಇಳಿಸಿ, ಕೆಳಗೆ ಪಾರ್ಕಿಂಗ್‌ನಲ್ಲಿ ಮಗಳು ಮತ್ತು ಕಟ್ಟಡದ ಮಕ್ಕಳ ಜೊತೆ ಟೆನಿಸ್ ಬಾಲಿನಲ್ಲಿ ಆಡಿ, ಒರೆಸಿ, ಮತ್ತೆ ನೇತುಹಾಕುತ್ತಿದ್ದರು. ಮಕ್ಕಳಿಗೆ ಪ್ಲಾಸ್ಟಿಕ್ ಬ್ಯಾಟು ತಂದುಕೊಟ್ಟಿದ್ದೆನಲ್ಲ ಎಂದು ಡೆನಿಸ್ ತೊದಲಿದರು. ಅದರಲ್ಲಿ ಆಡಿದರೆ ಕೈಗೆ ಸುಖವಿಲ್ಲ ಎಂದರು ಬಾಯಿ.

"ಮತ್ತೆ ಅವ ಹೊಡೆದ ಸಿಕ್ಸ್?" ಡೆನಿಸ್ ನನ್ನನ್ನು ಕೇಳಿದರು.

ನಾನು ಬ್ಯಾಟು ನೋಡಿದೆ. ಬಾಯಿ ನನ್ನನ್ನು ನೋಡಿದರು. ಆಮೇಲೆ ಅವರೇ, ನನಗೂ ಅರ್ಥವಾಗಲಿ ಎಂದೋ ಏನೋ, ಕೊಂಕಣಿ ಬಿಟ್ಟು ಕನ್ನಡದಲ್ಲಿ ಹೇಳಿದರು. ಹಗ್ಗ, ಲಾರಿ ಡ್ರೈವರು, ಹಾರಿಹೋದ ಸ್ಟಂಪು, ಬಿರಿಯಾನಿಯ ಪಾತ್ರೆ, ಎಲ್ಲ.

ಡೆನಿಸ್ ಎದ್ದು ಬಾಲ್ಕನಿಗೆ ಹೋದರು. ನಾವಿಬ್ಬರೂ ಅಲ್ಲಾಡಲಿಲ್ಲ. ಈ ಬ್ಯಾಟಿನ ಉಸಾಬರಿ ನನಗೆ ಯಾಕೆ ಬೇಕಿತ್ತು, ಮನೆಯಲ್ಲಿ ಕಟ್ಟಿಗೆ ಇರಲಿಲ್ಲವೇ ಎಂದು ನನ್ನನ್ನೇ ಬೈದುಕೊಂಡೆ.

ಅವರು ವಾಪಸು ಬಂದು ಬಾಗಿಲಲ್ಲೇ ನಿಂತರು. "ಬ್ಯಾಟ್ ಚೆನ್ನಾಗಿದೆ ಅಂತ ಅವನೇ ಹೇಳಿದ್ದಾ?"

"ಹೌದು."

"ನಿನ್ನ ಹತ್ರ?"

"ನನ್ನ ಕೈಯಲ್ಲೇ ಕೊಟ್ಟು ಹೇಳಿದ್ದು."

ಡೆನಿಸ್ ಹೆಂಡತಿಯ ಪಕ್ಕ ಕುಕ್ಕರಿಸಿ, ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಚೆಂಡನ್ನು ಪೆಟ್ರೋಲ್ ಬಂಕ್ ದಾಟಿಸುವಾಗಲೂ ಸುಮ್ಮನೆ ಮೀನು ಬಡಿಸಿದ್ದೀಯಲ್ಲ ಎಂದರು. ಹೇಳುತ್ತ ಹೇಳುತ್ತ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಗುವಿನ ನೀರು ಎಷ್ಟು, ಬೇರೆ ನೀರು ಎಷ್ಟು ಎಂದು ನನಗೆ ಹೇಳಲಾಗದು. ಬಾಯಿ ಮಾತ್ರ ಅಂದು ಎರಡು ಸಲ ಊಟ ಮಾಡಿದರು.

ಪಾರ್ಕಿಂಗ್, ಶುಕ್ರವಾರ

ಬೀಳ್ಕೊಡುಗೆ ಕಟ್ಟಡದ ಕೆಳಗೇ. ಕಚೇರಿಯವರೂ ಬಂದಿದ್ದರು. ಅಕೌಂಟಂಟು ನನ್ನ ಹತ್ತಿರ ಬಂದು, ಹೇಳಿ ಮೇಡಂ, ಸಿಕ್ಸರು ಕೊನೆಗೆ ಎಲ್ಲಿ ಬಿತ್ತು ಎಂದ. ನಾನು ಬಾಯಿ ತೆರೆಯುವ ಮೊದಲೇ ಡೆನಿಸ್ ಕುರ್ಚಿಯ ಮೇಲೆ ಹತ್ತಿ ನಿಂತು ತಾವೇ ಹೇಳಿದರು. ಸಿಕ್ಸರ್ ಇಲ್ಲ, ಸಿಂಗಲ್ಲೂ ಇಲ್ಲ, ನನ್ನ ಬ್ಯಾಟು ಹಿಡಿದು ಅಷ್ಟು ದೊಡ್ಡ ಆಟಗಾರ ಒಬ್ಬ ಲಾರಿ ಡ್ರೈವರ್ ಹಾಕಿದ ಮೊದಲ ಚೆಂಡಿಗೇ ಔಟಾದ, ನಾನು ಬಿರಿಯಾನಿ ತರಲು ಹೋಗಿದ್ದೆ.

ಇಡೀ ಪಾರ್ಕಿಂಗ್ ಗೊಳ್ಳೆಂದಿತು. ಒಮಾನಿ ಗುಮಾಸ್ತ ಓಡಿಬಂದು ಅವರನ್ನು ತಬ್ಬಿಕೊಂಡ. ಪಠಾಣ ಡ್ರೈವರು, ಬೌಲ್ ಮಾಡಿದ್ದು ಲಾರಿ ಡ್ರೈವರು ಎಂದು ಕೇಳಿ ಮೀಸೆ ತಿರುವಿ, ಅದು ತನ್ನದೇ ಸಾಧನೆ ಎನ್ನುವಂತೆ ಎಲ್ಲರ ಕೈ ಕುಲುಕಿದ. ಸಿಕ್ಸರನ್ನು ಒಬ್ಬರೂ ನಂಬಿರಲಿಲ್ಲ, ಇದನ್ನು ಎಲ್ಲರೂ ಕೇಳಿದ ಕೂಡಲೇ ನಂಬಿದರು. ಬ್ಯಾಟು ಕೈಯಿಂದ ಕೈಗೆ ಹೋಯಿತು. ಜನ ಅದನ್ನು ಹಿಡಿದು ಫೋಟೊ ತೆಗೆಸಿಕೊಂಡರು. ಕುರ್ಚಿಯ ಮೇಲೆ ನಿಂತಿದ್ದ ಡೆನಿಸರ ಮುಖ ನೋಡಬೇಕಿತ್ತು. ಅಂದು ಬಿರಿಯಾನಿಯ ಪಾತ್ರೆ ಹಿಡಿದು ಕುಣಿದಾಗಲೂ ಹೀಗೇ ಇದ್ದಿರಬೇಕು.

ಕೊನೆಗೆ ಮಕ್ಕಳು ಟೆನಿಸ್ ಬಾಲು ತಂದು, "ಆಂಟಿ, ಒನ್ ಲಾಸ್ಟ್ ಓವರ್" ಎಂದು ಬಾಯಿಯನ್ನು ಎಳೆದರು. ಚೆಂಡು ಹಾಕಿದವಳು ನಾನೇ, ಸೀರೆ ಸೊಂಟಕ್ಕೆ ಸಿಕ್ಕಿಸಿ. ಲವೀನಾ ಬಾಯಿ ಎಡಗೈ ಆಟಗಾರರಂತೆ ನಿಂತು, ಆ ಸವೆದ ಮೂಲೆಯನ್ನು ನೆಲಕ್ಕೆ ಟಪಟಪ ಬಡಿದು, ನನ್ನ ಚೆಂಡನ್ನು ಎತ್ತಿ ಬೀಸಿದರು. ಅದು ಕಾರುಗಳ ಸಾಲು ದಾಟಿ, ಗೋಡೆ ದಾಟಿ ರಸ್ತೆಯಾಚೆಗೆ ಹೋಯಿತು. ಡೆನಿಸ್ ಈ ಸಲ ಅಲ್ಲೇ ನಿಂತು ಕಣ್ಣಾರೆ ನೋಡಿದರು.

ಹೊರಡುವಾಗ ಅವರೇ ಬ್ಯಾಟನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ವಾಪಸು ಕೊಟ್ಟೆ. ಆಟಗಾರರು ಇನ್ನೂ ಆಡುತ್ತಿರುವಾಗ ಅವರ ಬ್ಯಾಟು ಕೊಳ್ಳಬಾರದು ಎನ್ನುವುದು ನಮ್ಮ ಹುಚ್ಚರ ಗುಂಪಿನಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಬಾಯಿ ಪೆಟ್ಟಿಗೆಯೊಂದನ್ನು ಮತ್ತೆ ಬಿಚ್ಚಿ, ಮಿಕ್ಸಿ ತೆಗೆದು ನೆರೆಯವರಿಗೆ ಕೊಟ್ಟು, ಆ ಜಾಗದಲ್ಲಿ ಬ್ಯಾಟು ಇಟ್ಟರು.

ಹುಬ್ಬಳ್ಳಿಗೆ ಬರಿಗೈಲಿ ಬಂದ ನನ್ನನ್ನು ನೋಡಿ ಯಜಮಾನರು ಪೇಪರು ಮಡಚಿದರು. "ಬ್ಯಾಟ್ ಎಲ್ಲೈತಿ?"

"ಆಡೋರು ಇನ್ನೂ ಆಡಾಕತ್ತಾರ್ರಿ. ಆಟ ಬಿಟ್ಟ ಮ್ಯಾಲೆ ಮಂಗಳೂರಿಗೆ ಹೋಗಿ ತರ್ತೀನಿ."

ಯಾರು ಅಂಥ ಆಟಗಾರರು ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಎದ್ದು, ಸುತ್ತಿಗೆ ಹುಡುಕಿ ತಂದು ಬ್ಯಾಟಿನ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆದರು. ಅದರ ಕೆಳಗೆ ನಾನು ಚೀಟಿ ಅಂಟಿಸಿದ್ದೇನೆ: ಲವೀನಾ, ಎಡಗೈ. ಮೊಳೆ ಖಾಲಿಯೇ ಇದೆ, ಸದ್ಯಕ್ಕೆ ತುಂಬುವ ಅವಸರವೂ ನನಗಿಲ್ಲ.